ಕಾಡಿನ ನಷ್ಟವನ್ನು ಯೋಜನೆಯ ಲೆಕ್ಕಕ್ಕೆ ಹಿಡಿಯುವುದು ಹೇಗೆ?

ರಸ್ತೆಗೋ ಅಣೆಕಟ್ಟಿಗೋ ಅರಣ್ಯಭೂಮಿ ಕೇಳುವ ದೊಡ್ಡ ಪ್ರಸ್ತಾವಗಳ ಜೊತೆ ವೆಚ್ಚ–ಲಾಭ ವಿಶ್ಲೇಷಣೆಯೊಂದು ಇರುತ್ತದೆ. ಅಂಥ ವರದಿಗಳಲ್ಲಿ ಪದೇ ಪದೇ ಕಾಣುವ ತಪ್ಪೆಂದರೆ, ಕಾಡಿನ ನಷ್ಟ ಬರೆಯಬೇಕಾದ ಸಾಲಿನಲ್ಲಿ ಸರ್ಕಾರಕ್ಕೆ ಕಟ್ಟುವ ಎನ್‌ಪಿವಿ (ನಿವ್ವಳ ಪ್ರಸ್ತುತ ಮೌಲ್ಯ ಎಂಬ ಹೆಸರಿನ ಶುಲ್ಕ) ಮೊತ್ತವನ್ನೇ ಬರೆದು ಕೈತೊಳೆದುಕೊಳ್ಳುವುದು. 2008ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿದ ಎನ್‌ಪಿವಿ ದರ ಹೆಕ್ಟೇರಿಗೆ 4.38 ಲಕ್ಷದಿಂದ 10.43 ಲಕ್ಷ ರೂಪಾಯಿ ಇತ್ತು. 2022ರಲ್ಲಿ ಅದನ್ನು ಏರಿಸಲಾಯಿತು. ಕಾಡಿನ ವರ್ಗ ಮತ್ತು ದಟ್ಟಣೆ ನೋಡಿ ವಿಧಿಸುವ ಈ ಶುಲ್ಕಕ್ಕೆ, ಆ ನಿರ್ದಿಷ್ಟ ಗುಡ್ಡದ ಕೆಳಗೆ ಯಾರ ತೋಟವಿದೆ ಎಂಬುದು ಲೆಕ್ಕಕ್ಕಿಲ್ಲ. ಅದನ್ನು ಶುಲ್ಕವೆಂದೇ ತೋರಿಸಿ, ನಷ್ಟವನ್ನು ಬೇರೆಯಾಗಿ ಲೆಕ್ಕಹಾಕಬೇಕು.

ಮೊದಲು ಯೋಜನೆ ಬಂದರೆ ಏನಾಗುತ್ತದೆ, ಬಾರದಿದ್ದರೆ ಏನಾಗುತ್ತದೆ ಎಂಬ ಎರಡು ಚಿತ್ರಗಳನ್ನು ಎದುರುಬದುರು ಇಟ್ಟುಕೊಳ್ಳಿ.

ಎರಡನೆಯ ಹಂತದಲ್ಲಿ ರೂಪಾಯಿಯ ಮಾತೇ ಎತ್ತದೆ, ಬದಲಾಗುವುದನ್ನೆಲ್ಲ ಅದರದರ ಅಳತೆಯಲ್ಲಿ ಬರೆಯಿರಿ. ಉತ್ತರ ಕನ್ನಡದ ಸೊಪ್ಪಿನ ಬೆಟ್ಟವನ್ನೇ ತೆಗೆದುಕೊಳ್ಳೋಣ. ಅಡಿಕೆ ತೋಟದವರು ಗೊಬ್ಬರಕ್ಕೆ ಹಸಿಸೊಪ್ಪು, ದರಗು (ಉದುರಿದ ಒಣ ಎಲೆ) ತರುವ ಕಾಡು ಅದು. ಒಂದು ಎಕರೆ ತೋಟಕ್ಕೆ 9 ಎಕರೆವರೆಗೆ ಬೆಟ್ಟದ ಸೌಲಭ್ಯವಿದೆ. ಬೆಟ್ಟ ಹೋದರೆ ವರ್ಷಕ್ಕೆ ಎಷ್ಟು ಹೊರೆ ಸೊಪ್ಪು ತಪ್ಪುತ್ತದೆ, ಬೇಸಿಗೆಯಲ್ಲಿ ಹಳ್ಳ ಎಷ್ಟು ವಾರ ಮೊದಲೇ ಬತ್ತುತ್ತದೆ, ಉಪ್ಪಾಗೆ ಹಣ್ಣು ಮತ್ತು ಜೇನು ಕೊಯ್ಯುವವರು ಎಷ್ಟು ಮನೆಯವರು ಎಂಬುದನ್ನು ಊರಿನವರನ್ನು ಕೇಳಿಯೇ ತಿಳಿಯಬೇಕು. ಉಪಗ್ರಹ ಚಿತ್ರದಲ್ಲಿ ದರಗು ಕಾಣುವುದಿಲ್ಲ.

ಬೆಲೆ ಕಟ್ಟುವಾಗ ಮಾರುಕಟ್ಟೆಯ ದರ ಇದ್ದಲ್ಲಿ ಅದನ್ನೇ ಹಿಡಿಯಿರಿ. ಇಲ್ಲದಿದ್ದರೆ ಬದಲಿ ವ್ಯವಸ್ಥೆಯ ಖರ್ಚನ್ನು, ಅಂದರೆ ಸೊಪ್ಪಿನ ಬದಲು ಲಾರಿಯಲ್ಲಿ ತರಿಸುವ ಸಗಣಿ ಗೊಬ್ಬರದ ಬೆಲೆ, ಬಾಡಿಗೆ, ಆಳಿನ ಕೂಲಿ ಇವುಗಳನ್ನು ಕೂಡಿಸಿ. ಆದರೆ ಕೊಂಡ ಗೊಬ್ಬರದ ಖರ್ಚನ್ನೂ ಗೊಬ್ಬರವಿಲ್ಲದೆ ಕುಸಿದ ಅಡಿಕೆ ಫಸಲನ್ನೂ ಒಟ್ಟಿಗೆ ಸೇರಿಸಿದರೆ ಒಂದೇ ನಷ್ಟವನ್ನು ಎರಡು ಸಲ ಎಣಿಸಿದಂತಾಗುತ್ತದೆ. ಯೋಜನೆಯ ಪರ ವಾದಿಸುವವರು ಮೊದಲು ಹಿಡಿಯುವುದೇ ಈ ತಪ್ಪನ್ನು. ‘ಈ ಕಾಡು ಉಳಿಯಲು ನೀವೆಷ್ಟು ಕೊಡುತ್ತೀರಿ’ ಎಂದು ಜನರನ್ನು ಕೇಳುವ ಸಮೀಕ್ಷೆಯನ್ನು ಬೇರೆ ದಾರಿಯೇ ಇಲ್ಲದಾಗ ಮಾತ್ರ ಬಳಸಿ. ವಿದೇಶದ ಅಧ್ಯಯನದಿಂದ ಹೆಕ್ಟೇರಿಗಿಷ್ಟು ಡಾಲರ್ ಎಂಬ ಅಂಕಿಯನ್ನು ಎತ್ತಿ, ರೂಪಾಯಿಗೆ ತಿರುಗಿಸಿ ಅಂಟಿಸುವ ಅಡ್ಡದಾರಿಯನ್ನಂತೂ ಬಿಟ್ಟುಬಿಡಿ.

ಇಷ್ಟೆಲ್ಲ ಶ್ರದ್ಧೆಯಿಂದ ಮಾಡಿದವರೂ ಎಡವುವುದು ಮುಂದಿನ ಹಂತದಲ್ಲಿ. ಯೋಜನೆಯ ಲಾಭ ಬೇಗ ಬರುತ್ತದೆ, ಕಾಡಿನ ನಷ್ಟ ತಲೆಮಾರುಗಳವರೆಗೆ ಮುಂದುವರಿಯುತ್ತದೆ. ಎರಡನ್ನೂ ಇಂದಿನ ಮೌಲ್ಯಕ್ಕೆ ಇಳಿಸಲು ಬಳಸುವ ಡಿಸ್ಕೌಂಟ್ ದರವೇ ಇಲ್ಲಿ ಫಲಿತಾಂಶವನ್ನು ನಿರ್ಧರಿಸಿಬಿಡುತ್ತದೆ. 50 ವರ್ಷಗಳ ನಂತರ ಆಗುವ 100 ರೂಪಾಯಿ ನಷ್ಟಕ್ಕೆ ಶೇ 3ರ ದರದಲ್ಲಿ ಇಂದಿನ ಮೌಲ್ಯ ಸುಮಾರು 22.80 ರೂಪಾಯಿ, ಶೇ 8ರಲ್ಲಿ 2.13 ರೂಪಾಯಿ, ಶೇ 12ರಲ್ಲಿ ಬರೀ 35 ಪೈಸೆ. ಕೈಯಿಂದ ಕೈಗೆ ಸಾಗುವ ಎಕ್ಸೆಲ್ ಟೆಂಪ್ಲೇಟುಗಳಲ್ಲಿ ಶೇ 12 ಎಂದು ಮೊದಲೇ ತುಂಬಿಟ್ಟಿರುವುದುಂಟು. ಅದನ್ನು ನೋಡದೆ ಮುಂದುವರಿದರೆ ನೀವು ಪಟ್ಟ ಶ್ರಮವೆಲ್ಲ ಆ ಒಂದು ಕೋಶದಲ್ಲಿ ಕರಗಿಹೋಗುತ್ತದೆ. ಬ್ರಿಟನ್ನಿನ ಖಜಾನೆ ಇಲಾಖೆಯ ಕೈಪಿಡಿ ಮೊದಲ 30 ವರ್ಷಕ್ಕೆ ಶೇ 3.5 ಎಂದು ಹೇಳಿ, ಆಮೇಲೆ ದರವನ್ನು ಇಳಿಸುತ್ತ ಹೋಗುತ್ತದೆ. ಕಾಡಿನ ವಿಷಯದಲ್ಲಿ ಶೇ 4ಕ್ಕಿಂತ ಮೇಲೆ ಹೋಗಬಾರದು ಎಂಬುದು ನನ್ನ ಅಭಿಪ್ರಾಯ.

ಇಲಾಖೆ ಶೇ 8 ಎಂದು ಹಟ ಹಿಡಿದರೂ ದಾರಿಯಿದೆ. ಕಾಡು ಕಡಿಮೆಯಾದಷ್ಟೂ ಉಳಿದ ಕಾಡಿನ ಬೆಲೆ ಏರುತ್ತದೆ ಎಂಬ ವಾದವನ್ನು ಅರ್ಥಶಾಸ್ತ್ರಜ್ಞರಾದ ಕ್ರುಟಿಲ್ಲಾ ಮತ್ತು ಫಿಶರ್ ಅಮೆರಿಕದ ಹೆಲ್ಸ್ ಕ್ಯಾನ್ಯನ್ ಅಣೆಕಟ್ಟಿನ ಚರ್ಚೆಯಲ್ಲಿ ಮುಂದಿಟ್ಟಿದ್ದರು. ಕಾಡಿನ ಬೆಲೆ ವರ್ಷಕ್ಕೆ ಶೇ 2ರಷ್ಟು ಏರುತ್ತದೆ ಎಂದು ಹಿಡಿದರೆ, ಅದೇ ಶೇ 8ರ ದರದಲ್ಲೂ ಮೇಲಿನ 2.13 ರೂಪಾಯಿ 5.74 ಆಗುತ್ತದೆ.

ಅವಧಿಯನ್ನೂ ಯೋಜನೆಯ ಆಯುಷ್ಯಕ್ಕೆ ಕಟ್ಟಿಹಾಕಬೇಡಿ. ಕುದುರೆಮುಖದಲ್ಲಿ ಗಣಿಗಾರಿಕೆ 2005ರ ಕೊನೆಗೆ ನಿಂತಿತು, ಆದರೆ ಅದಿರಿನ ಹೂಳನ್ನು ತುಂಬಿಟ್ಟ ಲಕ್ಯಾ ಅಣೆಕಟ್ಟನ್ನು ಇಂದಿಗೂ ಕಾಯಬೇಕಾಗಿದೆ. ಆ ಖರ್ಚು ಗಣಿಯ ವರಮಾನ ನಿಂತ ವರ್ಷಕ್ಕೆ ಮುಗಿಯುವುದಿಲ್ಲ.

ಕೊನೆಗೆ ಶೇ 3, 5 ಮತ್ತು 8ರ ಫಲಿತಾಂಶಗಳನ್ನು ಒಂದೇ ಕೋಷ್ಟಕದಲ್ಲಿ ಕೊಡಿ. ಸಿಂಗಳೀಕದ ನೆಲೆ, ದೇವರಕಾಡಿನಂಥ ಬೆಲೆ ಕಟ್ಟಲಾಗದ ನಷ್ಟಗಳ ಮುಂದೆ ಸೊನ್ನೆ ಹಾಕದೆ, ‘ಬೆಲೆ ಕಟ್ಟಿಲ್ಲ’ ಎಂದು ಬರೆದು, ಎಷ್ಟು ಹೆಕ್ಟೇರ್, ಯಾವ ಜಾಗ ಎಂಬುದನ್ನು ಅದೇ ಕೋಷ್ಟಕದ ಕೆಳಗೆ ನಮೂದಿಸಿ. ಅನುಬಂಧಕ್ಕೆ ತಳ್ಳಿದರೆ ಸಭೆಯಲ್ಲಿ ಯಾರೂ ಆ ಪುಟದವರೆಗೆ ಹೋಗುವುದಿಲ್ಲ.