ಕೆರೆಗೆ ಜೆಸಿಬಿ ಇಳಿಯುವ ಮುಂಚೆ: ಹೂಳೆತ್ತಿದರೆ ನೀರೊಳಗಿನ ಜೀವಕ್ಕೆ ಏನಾಗುತ್ತದೆ ಅಂತ ಅಳೆಯುವುದು ಹೇಗೆ

ಕಲಬುರಗಿ, ಯಾದಗಿರಿ ಕಡೆ ಬೇಸಿಗೆ ಬಂತು ಅಂದ್ರೆ ಕೆರೆಗೆ ಜೆಸಿಬಿ ಇಳಿಯುತ್ತದೆ. ಹೂಳು ತೆಗೆಯುವುದು ಬೇಕೇ ಬೇಕು. ಆದರೆ ಎಷ್ಟು ಟಿಪ್ಪರ್ ಮಣ್ಣು ಹೋಯಿತು ಅಂತ ಬರೆದಿಡುತ್ತಾರೆ, ಮೀನು, ಬಸವನಹುಳು ಏನಾದವು ಅಂತ ಯಾರೂ ಬರೆದಿಡುವುದಿಲ್ಲ. ನಮ್ಮೂರಲ್ಲಿ ಕೆಲಸ ಶುರುವಾದ ನಾಲ್ಕನೇ ದಿನ ಬೆಳಗ್ಗೆ ಮೀನು ಸತ್ತು ತೇಲಿದವು. ‘ಬಿಸಿಲಿಗೆ ಸತ್ತಿವೆ’ ಅಂದರು. ಅಲ್ಲ ಅನ್ನೋಕೆ ನಮ್ಮ ಕೈಯಲ್ಲಿ ಒಂದು ಅಂಕಿಯೂ ಇರಲಿಲ್ಲ.

ಹಾಗಾಗಿ ಮೊದಲ ಮಾತು: ಯಂತ್ರ ಬರುವ ಒಂದು ತಿಂಗಳ ಮುಂಚೆಯೇ ಅಳೆಯಲು ಶುರು ಮಾಡಿ. ಹತ್ತಿರದಲ್ಲಿ ಹೂಳೆತ್ತದ ಇನ್ನೊಂದು ಕೆರೆ ಇದ್ದರೆ ಅಲ್ಲೂ ಅದೇ ದಿನ ಅಳೆಯಿರಿ. ಎರಡೂ ಕಡೆ ಮೀನು ಸತ್ತರೆ ಬಿಸಿಲು ಇರಬಹುದು, ಒಂದೇ ಕಡೆ ಸತ್ತರೆ ಕೆಲಸದ ಮೇಲೆ ಅನುಮಾನ ಪಡಲೇಬೇಕು, ಅಲ್ವಾ? ಭೀಮಾ ನದಿಯಲ್ಲಿ ಮರಳು ತೆಗೆಯುವ ಕಡೆಯಾದರೆ ಆ ಜಾಗಕ್ಕಿಂತ ಮೇಲೆ ಒಂದು ಕಡೆ, ಕೆಳಗೆ ಎರಡು ಕಡೆ ಅಳೆದರೆ ಸಾಕು.

ನೀರಿನ ಕದಡು ನೋಡೋಕೆ ಖರ್ಚೇ ಇಲ್ಲ. 20 ಸೆಂಟಿಮೀಟರ್ ಅಗಲದ ದುಂಡನೆ ತಗಡಿಗೆ ನಾಲ್ಕು ಭಾಗ ಮಾಡಿ ಕಪ್ಪು, ಬಿಳಿ ಬಣ್ಣ ಬಳಿಯಿರಿ, ಕೆಳಗೆ ಭಾರ ಕಟ್ಟಿ, ಹಗ್ಗಕ್ಕೆ 10 ಸೆಂಟಿಮೀಟರ್‌ಗೊಂದು ಗಂಟು ಹಾಕಿ. ನೀರಿಗೆ ಇಳಿಸುತ್ತಾ ಹೋಗಿ, ಎಲ್ಲಿ ಕಾಣದಾಯಿತೋ ಆ ಆಳ ಬರೆದುಕೊಳ್ಳಿ. ಪ್ರತಿ ಸಲ ಒಬ್ಬರೇ, ಒಂದೇ ಹೊತ್ತಿಗೆ ನೋಡಬೇಕು. ಜೊತೆಗೆ ಒಂದು ಗಾಜಿನ ಬಾಟಲಿಯಲ್ಲಿ ಆ ನೀರು ತುಂಬಿ ಅಲುಗಿಸದೆ ಇಡಿ. ಮರಳು ಬೇಗ ತಳಕ್ಕೆ ಕೂರುತ್ತದೆ, ನಮ್ಮ ಎರೆ ಮಣ್ಣಿನ ಸಣ್ಣ ಜೇಡಿ ಮಾತ್ರ ದಿನಗಟ್ಟಲೆ ನೀರಲ್ಲೇ ತೇಲುತ್ತದೆ. ಅದು ಮೀನಿನ ಕಿವಿರಿಗೆ ಅಂಟುತ್ತದೆ, ಮೊಟ್ಟೆಗಳ ಮೇಲೆ ಕೂತು ಉಸಿರು ಕಟ್ಟಿಸುತ್ತದೆ, ಬಿಸಿಲು ಒಳಗೆ ಇಳಿಯದಂತೆ ತಡೆಯುತ್ತದೆ.

ಆಮ್ಲಜನಕ ಮಾತ್ರ ಬಿಡಲೇಬೇಡಿ. ತಳದ ಕಪ್ಪು ಹೂಳು ಕೊಳೆತ ಮೊಟ್ಟೆಯಂತೆ ನಾರುತ್ತದಲ್ಲ, ಅದನ್ನು ಕಲಕಿದರೆ ನೀರಿನ ಆಮ್ಲಜನಕವನ್ನು ಹೀರಿಕೊಳ್ಳುತ್ತದೆ. ಮೀನು ಸಾಕುವವರು ಬಳಸುವ ಪರೀಕ್ಷೆಯ ಕಿಟ್ ತಂದು ಸೂರ್ಯ ಹುಟ್ಟುವ ಮುಂಚೆ ನೋಡಿ. ರಾತ್ರಿಯಿಡೀ ಪಾಚಿ, ಗಿಡ, ಮೀನು ಎಲ್ಲವೂ ಉಸಿರಾಡಿ ಆಮ್ಲಜನಕ ತೀರಾ ಕಡಿಮೆ ಆಗುವ ಹೊತ್ತು ಅದೇ, ಮಧ್ಯಾಹ್ನ ಅಳೆದರೆ ಎಲ್ಲ ಚೆನ್ನಾಗಿದೆ ಅಂತಲೇ ತೋರಿಸುತ್ತದೆ. ಮೀನುಗಳಿಗೆ ಲೀಟರ್‌ಗೆ 4 ಮಿಲಿಗ್ರಾಂ ಇರಬೇಕು ಅಂತ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಹೇಳುತ್ತದೆ. ಅದಕ್ಕಿಂತ ಇಳಿದರೆ ಆ ದಿನ ಕೆಲಸ ನಿಲ್ಲಿಸಿ ಅಂತ ಪಂಚಾಯಿತಿಗೆ ಬರೆದು ಕೊಡಿ.

ತಳದ ಜೀವಗಳಿಗೆ ಒಂದೇ ಅಳತೆಯ ಡಬ್ಬಿಯಲ್ಲಿ ಮೂರು ಕಡೆಯ ಕೆಸರು ತೆಗೆದು ಅರ್ಧ ಮಿಲಿಮೀಟರ್ ಜಾಲರಿಯಲ್ಲಿ ತೊಳೆಯಿರಿ, ಬಿಳಿ ತಟ್ಟೆಗೆ ಸುರಿದು ಎಣಿಸಿ. ಬಸವನಹುಳು, ಕಪ್ಪೆಚಿಪ್ಪು, ಕೆಂಪು ಹುಳ ಎಲ್ಲಾ ಸಿಕ್ಕರೆ ಒಳ್ಳೆಯದು. ಬರೀ ಕೆಂಪು ಹುಳವೇ ಉಳಿದಿದ್ದರೆ ತಳದಲ್ಲಿ ಆಮ್ಲಜನಕ ಕಡಿಮೆಯಾಗಿದೆ ಅಂತ ಅನುಮಾನಿಸಿ, ಅದರ ಮೈಯಲ್ಲಿ ಹಿಮೋಗ್ಲೋಬಿನ್ ಇರುವುದರಿಂದ ಅಂಥ ಕಡೆಯೂ ಬದುಕುತ್ತದೆ.

ಬಲೆ ಹಾಕುವವರ ಹತ್ತಿರ ಸುಮ್ನೆ ಕೂತು ಮಾತಾಡಿ. ‘ಕಾಕಾ, ಈ ವಾರ ಬಲೆಗೆ ಏನೇನು ಬಿತ್ತು? ಮರಿಗಳು ಇದ್ವಾ?’ ಅಂತ ಕೇಳಿ, ಉತ್ತರವನ್ನು ಒಂದು ಪುಸ್ತಕದಲ್ಲಿ ತಾರೀಕು ಹಾಕಿ ಬರೆಯಿರಿ. ನನ್ನ ಮಟ್ಟಿಗೆ ಕಿಟ್‌ನಷ್ಟೇ ಬೆಲೆ ಈ ಪುಸ್ತಕಕ್ಕೂ ಇದೆ.

ಕೆಲಸ ಶುರುವಾದ ಮೇಲೆ ಮೊದಲ ವಾರ ದಿನಾ, ಆಮೇಲೆ ವಾರಕ್ಕೆರಡು ಸಲ ಅಳೆಯಿರಿ. ರೋಹು, ಕಟ್ಲಾ ಮಳೆಗಾಲದಲ್ಲಿ ಮೊಟ್ಟೆ ಇಡುತ್ತವೆ, ಬೇರೆ ಮೀನುಗಳೂ ಹೆಚ್ಚಾಗಿ ಆಗಲೇ ಮರಿ ಮಾಡುತ್ತವೆ, ಆದ್ದರಿಂದ ಮೇ ಒಳಗೆ ಮುಗಿಸಿ ಅಂತ ಒತ್ತಾಯ ಮಾಡಿ. ಕೆರೆಯ ಆಳವಾದ ಒಂದು ಮಡು, ದಂಡೆಯ ಜೊಂಡಿನ ಒಂದು ಪಟ್ಟಿ ಮುಟ್ಟದೆ ಬಿಡಿಸಿಕೊಳ್ಳಿ, ಮುಂದೆ ಜೀವ ಹರಡುವುದು ಅಲ್ಲಿಂದಲೇ. ಊರಿನ ಚರಂಡಿ ಸೇರುವ ಕೆರೆಯಾದರೆ ಹೂಳನ್ನು ಹೊಲಕ್ಕೆ ಹಾಕುವ ಮುಂಚೆ ಲೋಹದ ಪರೀಕ್ಷೆ ಮಾಡಿಸಿ. ಮಳೆ ಮುಗಿದ ಮೇಲೆ ಅದೇ ಮೂರು ಜಾಗದ ಕೆಸರು ಮತ್ತೆ ತೆಗೆದು, ಮೊದಲಿನ ಎಣಿಕೆಯ ಪಕ್ಕದಲ್ಲೇ ಬರೆಯಿರಿ.