ಮೌಖಿಕ ಸಂಶೋಧನಾ ಮಂಡನೆಗೆ ಅಂಕ ನೀಡುವ ಬಗೆ

ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯದಲ್ಲಾಗಲಿ, ಮಡಿಕೇರಿಯ ಕಾಲೇಜುಗಳಲ್ಲಾಗಲಿ ವಿಚಾರ ಸಂಕಿರಣಕ್ಕೆ ತೀರ್ಪುಗಾರರಾಗಿ ಹೋಗುವವರು ಹಿಂದಿನ ದಿನವೇ ಸಾರಾಂಶಗಳನ್ನು ಓದಿ, ಪ್ರತಿಯೊಂದಕ್ಕೂ ಒಂದು ಪ್ರಶ್ನೆಯನ್ನು ಬರೆದಿಟ್ಟುಕೊಳ್ಳಬೇಕು. ತಮ್ಮ ಮಾರ್ಗದರ್ಶನದ ವಿದ್ಯಾರ್ಥಿಯ ಅಥವಾ ಬಂಧುವಿನ ಹೆಸರು ಪಟ್ಟಿಯಲ್ಲಿದ್ದರೆ ಸಂಘಟಕರಿಗೆ ಆಗಲೇ ತಿಳಿಸಿ, ಆ ಮಂಡನೆಗೆ ಅಂಕ ಹಾಕದೆ ಉಳಿಯಬೇಕು. ಎಲ್ಲರಿಗೂ ಎಲ್ಲರೂ ಪರಿಚಿತರಾಗಿರುವ ನಮ್ಮ ಪುಟ್ಟ ಕೊಡಗು ಜಿಲ್ಲೆಯಲ್ಲಿ ಇದು ಅಪರೂಪವಲ್ಲ.

ಒಟ್ಟು 50 ಅಂಕಗಳಿದ್ದರೆ 30 ಅಂಕಗಳನ್ನಾದರೂ ಸಂಶೋಧನೆಯ ಪ್ರಶ್ನೆ, ವಿಧಾನ ಮತ್ತು ತೀರ್ಮಾನಗಳಿಗೆ ಮೀಸಲಿಡಬೇಕೆಂಬುದು ನನ್ನ ದೃಢ ಅಭಿಪ್ರಾಯ. ಉಳಿದವನ್ನು ಮಂಡನೆಯ ಸ್ಪಷ್ಟತೆಗೂ ಪ್ರಶ್ನೋತ್ತರಕ್ಕೂ ಹಂಚಬಹುದು.

ವಿಧಾನವನ್ನು ತೂಗುವುದೇ ತೀರ್ಪುಗಾರರ ಮುಖ್ಯ ಕೆಲಸ. ಕಾಫಿಯ ಹೂ ಅರಳಿಸುವ ಹೂಮಳೆಗೂ ರೊಬಸ್ಟಾ ಕಾಫಿಯ ಫಸಲಿಗೂ ಇರುವ ಸಂಬಂಧವನ್ನು ವಿರಾಜಪೇಟೆ ಸುತ್ತಲಿನ ಮೂರು ತೋಟಗಳ ಎರಡು ವರ್ಷಗಳ ಲೆಕ್ಕದಿಂದ ವಿದ್ಯಾರ್ಥಿಯೊಬ್ಬರು ವಿವರಿಸುತ್ತಿದ್ದಾರೆಂದು ಭಾವಿಸೋಣ. ಕಾಫಿ ಗಿಡ ಒಂದು ವರ್ಷ ಹೆಚ್ಚು ಫಸಲು ಕೊಟ್ಟು ಮರುವರ್ಷ ಇಳಿಯುವುದುಂಟು. ಆದ್ದರಿಂದ ಎರಡು ವರ್ಷಗಳ ವ್ಯತ್ಯಾಸವನ್ನೆಲ್ಲ ಮಳೆಯ ಲೆಕ್ಕಕ್ಕೆ ಬರೆಯಲಾಗದು. ಮಳೆ ತಡವಾದಾಗ ಸ್ಪ್ರಿಂಕ್ಲರ್ ಹಾಕಿ ಹೂ ಅರಳಿಸಿದ ತೋಟವನ್ನು ಪ್ರತ್ಯೇಕವಾಗಿ ಎಣಿಸಿದ್ದಾರೆಯೇ ಎಂದು ಕೇಳಲೇಬೇಕು. ಭಾಗಮಂಡಲದ ಮಳೆಗೂ ಕುಶಾಲನಗರದ ಮಳೆಗೂ ಅಜಗಜಾಂತರವಿರುವಾಗ, ಮೂರು ತೋಟಗಳ ಫಲಿತಾಂಶವನ್ನು ಇಡೀ ಕೊಡಗಿಗೆ ಅನ್ವಯಿಸಿದರೆ ತೀರ್ಮಾನದ ಅಂಕ ಕಡಿಮೆಯಾಗಬೇಕು. ಅದೇ ವಿದ್ಯಾರ್ಥಿ ತನ್ನ ಮಾತು ಈ ಮೂರು ತೋಟಗಳಿಗಷ್ಟೇ ಸಲ್ಲುತ್ತದೆಂದು ಸ್ಪಷ್ಟಪಡಿಸಿದರೆ ಅಂಕ ಹೆಚ್ಚಬೇಕು.

ಮನೆಯಲ್ಲಿ ಕೊಡವ ತಕ್ಕ್ ಅಥವಾ ಅರೆಭಾಷೆ ಆಡಿ ಬೆಳೆದವರು ಇಂಗ್ಲಿಷಿನಲ್ಲಿ ತಡವರಿಸಿದ ಮಾತ್ರಕ್ಕೆ ಅವರ ಸಂಶೋಧನೆ ದುರ್ಬಲವಾಗುವುದಿಲ್ಲ. ನಿರರ್ಗಳ ಮಾತು ಮತ್ತು ಅಂದವಾದ ಸ್ಲೈಡುಗಳು ನಮ್ಮನ್ನು ಬಹುಬೇಗ ಒಲಿಸಿಕೊಳ್ಳುತ್ತವೆ. ಹಾಗಾಗಿ ವಿಧಾನದ ಅಂಕವನ್ನು ಮೊದಲು ಬರೆದು, ಮಂಡನೆಯ ಅಂಕವನ್ನು ಅನಂತರ ಹಾಕುವ ರೂಢಿ ಒಳ್ಳೆಯದು.

ಪ್ರಶ್ನೆ ಒಂದೇ ಇರಲಿ, ಚಿಕ್ಕದಾಗಿರಲಿ, ಉತ್ತರಕ್ಕೆ ಕಾಯುವ ತಾಳ್ಮೆಯಿರಲಿ. “ಅದನ್ನು ನಾನು ಅಳೆದಿಲ್ಲ” ಎಂಬ ನೇರ ಉತ್ತರ, ಸುತ್ತುಬಳಸಿದ ವಿವರಣೆಗಿಂತ ಹೆಚ್ಚಿನ ಅಂಕಕ್ಕೆ ಅರ್ಹ. ಸಮಯ ಮೀರಿದವರಿಗೆ ಎಲ್ಲರಿಗೂ ಒಂದೇ ನಿಯಮದಂತೆ ಅಂಕ ಕಳೆಯಬೇಕು.

ಪ್ರತಿ ಮಂಡನೆ ಮುಗಿದೊಡನೆ, ಸಹ ತೀರ್ಪುಗಾರರೊಡನೆ ಮಾತಾಡುವ ಮೊದಲೇ ಅಂಕ ಬರೆಯಬೇಕು. ಮೊದಲು ಬಂದವರಿಗೆ ಹೋಲಿಕೆಯಿಲ್ಲದೆ ಅಂಕ ಬಿದ್ದಿರುವುದರಿಂದ, ಮೂರ್ನಾಲ್ಕು ಮಂಡನೆಗಳಾದ ಬಳಿಕ ಆ ಹಾಳೆಯನ್ನು ಮತ್ತೊಮ್ಮೆ ನೋಡಬೇಕು. ಇಬ್ಬರು ಸಮನಾದರೆ ವಿಧಾನದಲ್ಲಿ ಮುಂದಿರುವವರಿಗೇ ಬಹುಮಾನ ಸಲ್ಲಲಿ. ಬಹುಮಾನ ಬಾರದವರಿಗೂ, ಅವರ ಕೆಲಸದಲ್ಲಿ ಮುಂದೆ ಅಳೆಯಬೇಕಾದ ಒಂದು ಸಂಗತಿಯನ್ನು ಚೀಟಿಯಲ್ಲಿ ಬರೆದು ಅದೇ ಸಂಜೆ ತಲುಪಿಸಬೇಕು.