ರೇಡಿಯೇಟರ್ ತಣ್ಣಗಿದ್ದರೆ ದೋಷ ವಾಲ್ವಿನದೋ, ಪೈಪಿನದೋ?

ಮನೆಯ ಉಳಿದ ಕೋಣೆಗಳೆಲ್ಲ ಬೆಚ್ಚಗಿದ್ದು ಒಂದೇ ಒಂದು ರೇಡಿಯೇಟರ್ (ಬಾಯ್ಲರಿನಲ್ಲಿ ಕಾದ ನೀರು ಒಳಗೆ ಹರಿದು ಕೋಣೆಯನ್ನು ಬೆಚ್ಚಗಿಡುವ ಲೋಹದ ಫಲಕ) ತಣ್ಣಗೆ ಉಳಿದಾಗ ಹೆಚ್ಚಿನವರು ಹೊಸ ವಾಲ್ವ್ ಕೊಂಡು ತರುತ್ತಾರೆ. ಅದನ್ನು ಹಾಕಿಸಿದ ಮೇಲೂ ಕೋಣೆ ತಣ್ಣಗೇ ಇದ್ದಾಗ ಆಗುವ ಬೇಸರ ಸಣ್ಣದಲ್ಲ. ಆದ್ದರಿಂದ ಸ್ಪ್ಯಾನರ್ ಹಿಡಿಯುವ ಮೊದಲು ಬಿಸಿನೀರು ಎಲ್ಲಿಯವರೆಗೆ ಬಂದು ನಿಂತಿದೆ ಎಂಬುದನ್ನು ಪತ್ತೆಹಚ್ಚಬೇಕು.

ವ್ಯವಸ್ಥೆ ಪೂರ್ತಿ ತಣಿದಿರುವಾಗ ಬಾಯ್ಲರ್ ಹಚ್ಚಿ, ಹದಿನೈದು ನಿಮಿಷದ ನಂತರ ಆ ರೇಡಿಯೇಟರಿನ ಪೈಪುಗಳನ್ನು ಕೈಯಿಂದ ಕ್ಷಣಮಾತ್ರ ಮುಟ್ಟಿ ನೋಡಿ. ನೀರು 60 ಡಿಗ್ರಿ ಸೆಲ್ಸಿಯಸ್ ದಾಟಿರಬಹುದು, ಎಚ್ಚರವಿರಲಿ. ವಾಲ್ವಿನವರೆಗೆ ಪೈಪು ಬಿಸಿಯಿದ್ದು ಅದರಾಚೆ ತಣ್ಣಗಿದ್ದರೆ ಮೊದಲು ವಾಲ್ವನ್ನೇ ಪರೀಕ್ಷಿಸಬೇಕು. ಪೈಪೇ ತಣ್ಣಗಿದ್ದರೆ ಇನ್ನೂ ತೀರ್ಮಾನಕ್ಕೆ ಬರಬೇಡಿ, ದೋಷ ಎರಡರಲ್ಲಿ ಯಾವುದರದೂ ಆಗಿರಬಹುದು. ರೇಡಿಯೇಟರಿನ ಮೇಲ್ಭಾಗ ಮಾತ್ರ ತಣ್ಣಗಿದ್ದರೆ ಒಳಗೆ ಗಾಳಿ ಸೇರಿದೆ, ಕೆಳಗಿನ ನಡುಭಾಗ ತಣ್ಣಗಿದ್ದರೆ ತುಕ್ಕಿನ ಕಪ್ಪು ಕೆಸರು ಕೂತಿದೆ ಎಂದು ತಿಳಿಯಬಹುದು.

ಕೋಣೆಯ ಬಿಸಿಗೆ ತಕ್ಕಂತೆ ನೀರನ್ನು ತಾನೇ ಬಿಡುವ, ತಡೆಯುವ ಥರ್ಮೋಸ್ಟಾಟ್ ವಾಲ್ವಿನಲ್ಲಿ ಸಾಮಾನ್ಯವಾಗಿ ಕೈಕೊಡುವುದು ಅದರ ಪಿನ್. ವಾಲ್ವಿನ ತಲೆಯನ್ನು, ಅಂದರೆ ಅಂಕಿಗಳಿರುವ ತಿರುಗುವ ಗುಬ್ಬಿಯನ್ನು, ಪೂರ್ಣ ತೆರೆದ ಅಂಕಿಗೆ ತಿರುಗಿಸಿ ಬಿಚ್ಚಿದರೆ ನಡುವೆ ಕೆಲವೇ ಮಿಲಿಮೀಟರ್ ಎದ್ದು ನಿಂತ ಲೋಹದ ಪಿನ್ ಕಾಣುತ್ತದೆ. ಸ್ಪ್ಯಾನರಿನ ಚಪ್ಪಟೆ ಬದಿಯಿಂದ ಒತ್ತಿದಾಗ ಅದು ಒಳಗಿಳಿದು, ಬಿಟ್ಟ ಕೂಡಲೇ ತಾನಾಗಿ ಮೇಲೇರಬೇಕು. ಬೇಸಿಗೆಯಿಡೀ ಮುಚ್ಚಿದ್ದ ವಾಲ್ವಿನಲ್ಲಿ ಅದು ಕೆಳಗೇ ಅಂಟಿಕೊಂಡಿರುವುದುಂಟು. ವಾಲ್ವಿನ ಪಕ್ಕಕ್ಕೆ ಮೆಲ್ಲಗೆ ತಟ್ಟಿ, ಪಿನ್ನಿನ ಬುಡಕ್ಕೆ ಸ್ವಲ್ಪ ಸಿಲಿಕೋನ್ ಎಣ್ಣೆ ಬಿಟ್ಟು, ಪುಟ್ಟ ಪುಟ್ಟ ಒತ್ತುಗಳಿಂದ ಸಡಿಲಿಸಿ. ಇಕ್ಕಳದಿಂದ ಎಳೆಯುವ ಸಾಹಸ ಮಾತ್ರ ದಯವಿಟ್ಟು ಬೇಡ. ಪಿನ್ ಕಿತ್ತು ಬಂದರೆ ಬಿಸಿನೀರು ಅಲ್ಲಿಂದಲೇ ಚಿಮ್ಮಬಹುದು. ತಲೆ ತೆಗೆದಾಗ ರೇಡಿಯೇಟರ್ ಬಿಸಿಯಾಗಿ, ಹಾಕಿದಾಗ ತಣ್ಣಗಾಗುತ್ತಿದ್ದರೆ ಕೆಟ್ಟಿರುವುದು ತಲೆಯೇ ಆಗಿರುವ ಸಾಧ್ಯತೆ ಹೆಚ್ಚು. ಅದನ್ನು ಬದಲಿಸಲು ನೀರು ಖಾಲಿ ಮಾಡಬೇಕಾಗಿಲ್ಲ.

ಇನ್ನು ಪೈಪಿನ ವಿಷಯ. ಉಳಿದ ರೇಡಿಯೇಟರುಗಳಲ್ಲಿ ಒಂದೆರಡನ್ನು ಬಿಟ್ಟು ಎಲ್ಲವನ್ನೂ ಮುಚ್ಚಿದಾಗ ತಣ್ಣಗಿದ್ದದ್ದು ಬಿಸಿಯಾದರೆ, ಅದರ ವಾಲ್ವ್ ಸರಿಯಿದೆ, ನೀರಿನ ಹಂಚಿಕೆ ಸರಿಯಿಲ್ಲ ಎಂದರ್ಥ. ಆಗ ಬಾಯ್ಲರಿಗೆ ಹತ್ತಿರವಿರುವ ರೇಡಿಯೇಟರುಗಳ ಇನ್ನೊಂದು ತುದಿಯಲ್ಲಿ ಮುಚ್ಚಳದಡಿ ಇದ್ದು ಹರಿವಿನ ಪ್ರಮಾಣವನ್ನು ನಿಗದಿಪಡಿಸುವ ಲಾಕ್‌ಶೀಲ್ಡ್ ವಾಲ್ವನ್ನು ಸ್ವಲ್ಪ ಸ್ವಲ್ಪವೇ ಬಿಗಿಗೊಳಿಸಿ, ದೂರದವಕ್ಕೆ ನೀರು ಹೋಗುವಂತೆ ಮಾಡಬೇಕು. ಎಷ್ಟು ಸುತ್ತು ತಿರುಗಿಸಿದಿರಿ ಎಂಬುದನ್ನು ಬರೆದಿಟ್ಟುಕೊಳ್ಳುವುದು ಕಡ್ಡಾಯವೆಂದೇ ನನ್ನ ಅಭಿಪ್ರಾಯ. ಇದರಿಂದಲೂ ಗುಣ ಕಾಣದಿದ್ದರೆ ಪೈಪಿನ ಗಾತ್ರವನ್ನು ಅನುಮಾನಿಸಿ. ನೀರು ಹೋಗಿ ಮರಳುವಷ್ಟರಲ್ಲಿ ಸುಮಾರು 11 ಡಿಗ್ರಿ ಇಳಿಯುವ ವ್ಯವಸ್ಥೆಯಲ್ಲಿ 15 ಮಿ.ಮೀ. ತಾಮ್ರದ ಪೈಪು ಸುಮಾರು 6 ಕಿಲೋವ್ಯಾಟ್ ಶಾಖವನ್ನಷ್ಟೇ ಸರಾಗವಾಗಿ ಸಾಗಿಸುತ್ತದೆ. ಅದೇ ಕವಲಿಗೆ ಕೋಣೆಯ ಮೇಲೆ ಕೋಣೆ ಸೇರಿಸುತ್ತ ಹೋದರೆ ಕೊನೆಯದಕ್ಕೆ ಉಳಿಯುವುದು ಉಗುರುಬೆಚ್ಚನೆಯ ನೀರು ಮಾತ್ರ.

ಹೊಸದಾಗಿ ಸೇರಿಸಿದ ರೇಡಿಯೇಟರ್ ಎಂದೂ ಬಿಸಿಯಾಗಿಯೇ ಇಲ್ಲವಾದರೆ ಅದರ ಎರಡೂ ಪೈಪುಗಳನ್ನು ಬುಡದವರೆಗೆ ಹಿಂಬಾಲಿಸಿ ನೋಡಿ. ಎರಡನ್ನೂ ಬಾಯ್ಲರಿನಿಂದ ಬಿಸಿನೀರು ಹೋಗುವ ಪೈಪಿಗೇ ಜೋಡಿಸಿದ್ದರೆ ಎರಡು ತುದಿಗಳ ನಡುವೆ ಒತ್ತಡದ ವ್ಯತ್ಯಾಸವಿರದೆ ನೀರು ಚಲಿಸುವುದೇ ಇಲ್ಲ. ಇಂಥ ಜೋಡಣೆಯನ್ನು ಯಾವ ವಾಲ್ವೂ ಸರಿಪಡಿಸಲಾರದು. ಒಂದು ಪೈಪನ್ನು ಬಿಚ್ಚಿ, ನೀರು ಬಾಯ್ಲರಿಗೆ ಮರಳುವ ಪೈಪಿಗೆ ಸೇರಿಸಲೇಬೇಕು. ವಾಲ್ವ್ ಮುಚ್ಚುವ ಹಂತದಲ್ಲಿ ಬಡಿದಂತೆ ಸದ್ದು ಬರುತ್ತಿದ್ದರೆ ಅದರ ಮೈಮೇಲಿನ ಬಾಣದ ಗುರುತು ನೀರು ಹರಿಯುವ ದಿಕ್ಕಿಗೇ ಇದೆಯೇ ಎಂದು ಪರೀಕ್ಷಿಸಿ.

ಬಾಯ್ಲರಿನ ಒಳಭಾಗ, ಅನಿಲ ಮತ್ತು ವಿದ್ಯುತ್ ಜೋಡಣೆ ಪರಿಣತರಿಗೇ ಮೀಸಲು. ನೀರು ಖಾಲಿ ಮಾಡಿ ಕೆಲಸ ಮಾಡಿದ್ದರೆ ತುಕ್ಕು ತಡೆಯುವ ದ್ರಾವಣವನ್ನು ಮತ್ತೆ ಬೆರೆಸಿ, ಗಾಳಿಗೆ ತೆರೆದ ತೊಟ್ಟಿಯಿಲ್ಲದ ಮುಚ್ಚಿದ ವ್ಯವಸ್ಥೆಯಲ್ಲಿ ತಣ್ಣಗಿರುವಾಗಿನ ಒತ್ತಡವನ್ನು 1ರಿಂದ 1.5 ಬಾರ್‌ಗೆ ತನ್ನಿ. ಮರುದಿನ ಬೆಳಿಗ್ಗೆ ಬಿಚ್ಚಿ ಕೂಡಿಸಿದ ಪ್ರತಿ ಸಂದಿಗೂ ಒಣ ಕಾಗದ ಒತ್ತಿ, ತೇವ ಅಂಟುತ್ತದೆಯೇ ಎಂದು ನೋಡಿ.